ಓದುಗರ ಪ್ರಶ್ನೆ: ಸಹಪಾಠಿಗಳು ತ್ರಿತ್ವವನ್ನು ಹೇಗೆ ನಂಬುತ್ತಾರೆಂದು ಸಮೀಕ್ಷೆಯಿಂದ ತಿಳಿಯಬಹುದೇ?

ಪ್ರಶ್ನೆ: ನಾನು ಸೆಮಿನರಿಯೊಂದರಲ್ಲಿ ದೈವಶಾಸ್ತ್ರ ಓದುತ್ತಿದ್ದೇನೆ. ಕಿರುಪ್ರಬಂಧಕ್ಕಾಗಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ತ್ರಿತ್ವದ ನಂಬಿಕೆಯನ್ನು, ಅಂದರೆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿ ಇದ್ದಾನೆಂಬ ನಂಬಿಕೆಯನ್ನು, ಸಮೀಕ್ಷೆ ಮಾಡಬೇಕೆಂದಿದ್ದೇನೆ. ‘ನೀವು ತ್ರಿತ್ವವನ್ನು ನಂಬುತ್ತೀರಾ?’ ಎಂದು ಕೇಳಿದರೆ ಸಾಕೇ?

ಉತ್ತರ: ಸಾಲದು. ಆ ಪ್ರಶ್ನೆಗೆ ಬರುವ ಉತ್ತರ ನಿಮಗೆ ಈಗಲೇ ಗೊತ್ತು. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದು, ಆರಾಧನೆಯಲ್ಲಿ ವಿಶ್ವಾಸಪ್ರಮಾಣ ಹೇಳುತ್ತ ಬೆಳೆದು, ಸಭೆಯ (ಚರ್ಚಿನ) ಶಿಫಾರಸು ಪತ್ರ ಹಿಡಿದು ಬಂದವರು ‘ಇಲ್ಲ’ ಎನ್ನುವುದು ಅಪರೂಪ. ಆ ಮಾತು ಅವರಿಗೆ ಪರಿಚಿತ ಎಂಬುದಷ್ಟೇ ನಿಮಗೆ ತಿಳಿಯುತ್ತದೆ.

ಅಮೆರಿಕದಲ್ಲಿ ಲಿಗೊನಿಯರ್ ಎಂಬ ಕ್ರೈಸ್ತ ಬೋಧನಾ ಸಂಸ್ಥೆ ಮತ್ತು ಲೈಫ್‌ವೇ ರಿಸರ್ಚ್ ಎಂಬ ಸಮೀಕ್ಷಾ ಸಂಸ್ಥೆ ಸೇರಿ 2014ರಿಂದ ಕೆಲವು ವರ್ಷಕ್ಕೊಮ್ಮೆ ಜನರ ದೈವಶಾಸ್ತ್ರೀಯ ನಂಬಿಕೆಗಳ ಸಮೀಕ್ಷೆ ನಡೆಸುತ್ತವೆ. ಅಲ್ಲಿ ಉತ್ತರಿಸುವವರು ವಿದ್ಯಾರ್ಥಿಗಳಲ್ಲ, ಸಾಮಾನ್ಯ ವಯಸ್ಕರು. ಆದರೂ ನೀವು ನೋಡಲೇಬೇಕಾದ ಉದಾಹರಣೆ ಅದು. ಒಬ್ಬನೇ ಸತ್ಯದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ವ್ಯಕ್ತಿಗಳಾಗಿ ಇದ್ದಾನೆ ಎಂಬ ಹೇಳಿಕೆಗೆ, ಬೈಬಲನ್ನೇ ಪರಮ ಪ್ರಮಾಣವೆಂದು ನಂಬುವ ಇವಾಂಜೆಲಿಕಲ್ ಕ್ರೈಸ್ತರಲ್ಲಿ ಬಹುತೇಕ ಎಲ್ಲರೂ ಒಪ್ಪಿದರು. ಅದೇ ಗುಂಪಿನ 73% ಮಂದಿ, 2022ರಲ್ಲಿ, ಯೇಸು ದೇವರು ಸೃಷ್ಟಿಸಿದವರಲ್ಲಿ ಮೊದಲನೆಯವನೂ ಅತಿ ಶ್ರೇಷ್ಠನೂ ಎಂಬ ಹೇಳಿಕೆಗೂ ಒಪ್ಪಿಗೆ ಕೊಟ್ಟರು! ಈ ಎರಡನೆಯದು ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್‌ನ ಬೋಧನೆಗೆ ಹತ್ತಿರವಾದದ್ದು. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರು ಅದನ್ನು ತಳ್ಳಿಹಾಕಿದ್ದರು.

ಹಾಗಾದರೆ ಇವರೆಲ್ಲ ಏರಿಯಸ್‌ನ ಹಿಂಬಾಲಕರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಆ ಹೇಳಿಕೆಯನ್ನೇ ಮತ್ತೊಮ್ಮೆ ಓದಿ. ‘ಅತಿ ಶ್ರೇಷ್ಠ’ ಎಂಬಲ್ಲಿ ಭಕ್ತನ ಮನಸ್ಸು ಹೌದು ಎಂದುಬಿಡುತ್ತದೆ. ‘ಸೃಷ್ಟಿಸಿದ’ ಎಂಬ ಮಾತು ಅದರ ನೆರಳಿನಲ್ಲಿ ದಾಟಿಹೋಗುತ್ತದೆ. ಮೇಲಾಗಿ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ 1:15ರಲ್ಲಿ ಕ್ರಿಸ್ತನನ್ನು ಸೃಷ್ಟಿಗೆಲ್ಲ ಜ್ಯೇಷ್ಠನೆಂದು ಕರೆದಿರುವುದು ಬೈಬಲ್ ಓದುವವರ ಕಿವಿಯಲ್ಲಿ ಇದ್ದೇ ಇರುತ್ತದೆ. ಒಂದೇ ವಾಕ್ಯದಲ್ಲಿ ಎರಡು ಸಂಗತಿ ತುರುಕಿದರೆ ಒಪ್ಪಿಗೆ ಯಾವುದಕ್ಕೆ ಬಿತ್ತೆಂದು ಬಿಡಿಸಿ ಹೇಳಲು ಯಾರಿಗೂ ಆಗದು.

ಆದ್ದರಿಂದ ಸೂತ್ರವನ್ನು ಬಿಟ್ಟು, ಅದನ್ನು ನಂಬಿದರೆ ಏನೇನು ಒಪ್ಪಬೇಕಾಗುತ್ತದೋ ಅದನ್ನು ಕೇಳಿ, ಒಂದು ಸಲಕ್ಕೆ ಒಂದರಂತೆ. ‘ಮಗನು ಇಲ್ಲದಿದ್ದ ಕಾಲವೊಂದಿತ್ತು’: ಇದಕ್ಕೆ ಹೌದು ಎಂದರೆ ಏರಿಯಸ್‌ನ ದಾರಿ. ‘ಶಿಲುಬೆಯ ಮೇಲೆ ಸತ್ತವನು ತಂದೆಯೇ’: ಇದಕ್ಕೆ ಹೌದು ಎಂದರೆ, ಒಬ್ಬನೇ ದೇವರು ಬೇರೆಬೇರೆ ರೂಪದಲ್ಲಿ ಕಾಣಿಸಿಕೊಂಡನೆಂಬ, 3ನೆಯ ಶತಮಾನದ ಬೋಧಕ ಸಬೆಲಿಯಸ್‌ನ ಹೆಸರಿಗೆ ಅಂಟಿಕೊಂಡ ದಾರಿ. ಇವುಗಳ ನಡುವೆ ಒಂದಾದರೂ ಬರೆದು ಉತ್ತರಿಸುವ ಪ್ರಶ್ನೆ ಇರಲಿ. ನನ್ನ ಆಯ್ಕೆ ಇದು: ಶಿಲುಬೆಗೇರುವ ಮುನ್ನ ಗೆತ್ಸೆಮನೆ ತೋಟದಲ್ಲಿ ಯೇಸು ಯಾರಿಗೆ ಪ್ರಾರ್ಥಿಸುತ್ತಿದ್ದನು ಎಂದು ಭಾನುವಾರ ಶಾಲೆಯ ಮಗು ಕೇಳಿದರೆ ನಾಲ್ಕು ಸಾಲಿನಲ್ಲಿ ಏನು ಹೇಳುವಿರಿ?

ಇಂಥ ಪ್ರಶ್ನೆಗಳಿಗೆ ಬರುವ ಉತ್ತರಗಳಲ್ಲಿ ನೀರು, ಮಂಜುಗಡ್ಡೆ, ಹಬೆಯ ಹೋಲಿಕೆ ಧಾರಾಳವಾಗಿ ಇರುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಅದು ಸಬೆಲಿಯಸ್‌ನ ಕಡೆಗೇ ಹೋಗುತ್ತದೆ. ಅಷ್ಟಕ್ಕೇ ಬರೆದವರನ್ನು ಪಾಷಂಡಿಗಳೆಂದು ಎಣಿಸಬೇಡಿ. ಚಿಕ್ಕಂದಿನಲ್ಲಿ ಟೀಚರ್ ಹೇಳಿಕೊಟ್ಟ ಮಾತು ಕೈಗೆ ಬೇಗ ಸಿಕ್ಕಿರಬಹುದು, ಅಷ್ಟೇ. ಅಂಥ ಕೆಲವರನ್ನು ಕೂರಿಸಿಕೊಂಡು ಮಾತನಾಡಿದರೆ ನಂಬಿಕೆ ಯಾವುದು, ನೆನಪು ಯಾವುದು ಎಂದು ತಿಳಿಯುತ್ತದೆ.

ಇನ್ನು ಉತ್ತರಗಳನ್ನು ಗುಟ್ಟಾಗಿಡುವ ವಿಚಾರ. ಇದು ಪ್ರಶ್ನೆಗಳಿಗಿಂತ ದೊಡ್ಡದು. ಐಸಾಕ್ ನ್ಯೂಟನ್ ಕೇಂಬ್ರಿಜ್‌ನಲ್ಲಿ ಟ್ರಿನಿಟಿ ಕಾಲೇಜಿನ ಫೆಲೋ ಆಗಿದ್ದವನು, ಅಂದರೆ ತ್ರಿತ್ವದ ಹೆಸರಿನ ಕಾಲೇಜಿನವನು. ತ್ರಿತ್ವ ಸಿದ್ಧಾಂತ ತಪ್ಪೆಂದು ಪುಟಗಟ್ಟಲೆ ಬರೆದು, ಅಚ್ಚು ಮಾಡಿಸದೆ 1727ರಲ್ಲಿ ತೀರಿಕೊಂಡ. ಅವನು ಬದುಕಿದ್ದಾಗಲೇ ಅವನು ಬಿಟ್ಟ ಗಣಿತ ಪ್ರಾಧ್ಯಾಪಕ ಪೀಠಕ್ಕೆ ಬಂದ ವಿಲಿಯಂ ವಿಸ್ಟನ್ ಅಂಥದೇ ವಿಚಾರವನ್ನು ಬಹಿರಂಗವಾಗಿ ಹೇಳಿದ. 1710ರಲ್ಲಿ ವಿಶ್ವವಿದ್ಯಾಲಯ ಅವನನ್ನು ಹೊರಹಾಕಿತು. ನಿಮ್ಮ ಸಹಪಾಠಿಗಳ ಮುಂದೆ ಪೀಠವಿಲ್ಲ, ನಿಜ. ಪಾದ್ರಿಯಾಗಲು ಬೇಕಾದ ಗುರುದೀಕ್ಷೆ ಇದೆ, ಅದನ್ನು ಕೊಡುವ ಮಂಡಳಿ ಇದೆ. ಪ್ರಶ್ನಾವಳಿಯನ್ನು ದೈವಶಾಸ್ತ್ರದ ಉಪನ್ಯಾಸಕರೇ ಹಂಚಿದರೆ ಅದು ಪರೀಕ್ಷೆಯಾಗುತ್ತದೆ. ಹೆಸರು ಕೇಳದಿದ್ದರೂ ಸಾಲದು. ಇಪ್ಪತ್ತು ಮಂದಿಯ ತರಗತಿಯಲ್ಲಿ ಸಭೆ, ಲಿಂಗ, ವರ್ಷ ಮೂರನ್ನೂ ಕೇಳಿದರೆ ಮಾರ್ತೋಮಾ ಸಭೆಯ ಒಬ್ಬಳೇ ವಿದ್ಯಾರ್ಥಿನಿ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅಗತ್ಯವಿಲ್ಲದ ವಿವರ ಕೇಳಲೇಬೇಡಿ. ಸಣ್ಣ ಸಂಖ್ಯೆಗಳನ್ನು ಶೇಕಡಾವಾರಾಗಿ ಬರೆಯಬೇಡಿ.

ಸಭೆಯ ವಿವರ ಮಾತ್ರ ಬೇಕಾದೀತು. 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಂಥ ಕಡೆ ಹಲವು ಸಭೆಗಳವರು ಒಟ್ಟಿಗೆ ಓದುತ್ತಾರೆ. ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂಟೆಕೋಸ್ಟಲರಲ್ಲೂ ತ್ರಿತ್ವವನ್ನು ಒಪ್ಪದೆ ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಕೊಡುವ ಪಂಗಡವಿದೆ. ಅಮೆರಿಕದ ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂಟೆಕೋಸ್ಟಲ್ ಸಭೆ 1916ರಲ್ಲಿ ಒಡೆದದ್ದು ಇದೇ ಕಾರಣಕ್ಕೆ. ಆ ಹಿನ್ನೆಲೆಯವರ ‘ಇಲ್ಲ’ವನ್ನು ಗೊಂದಲವೆಂದು ಎಣಿಸುವುದು ಅನ್ಯಾಯ.

ಕೊನೆಯ ವರ್ಷದವರಲ್ಲಿ ‘ಹೇಳಲಾರೆ’ ಎನ್ನುವವರು ಮೊದಲ ವರ್ಷದವರಿಗಿಂತ ಹೆಚ್ಚಿದ್ದರೆ ನಂಬಿಕೆ ಸಡಿಲವಾಯಿತೆಂದು ಬರೆಯುವ ಆಸೆ ಹುಟ್ಟುತ್ತದೆ. ಮೊದಲನೆಯದಾಗಿ, ಅವರು ಬೇರೆ ಜನ. ಬದಲಾವಣೆ ಕಾಣಬೇಕಾದರೆ ಒಂದೇ ತಂಡವನ್ನು ಸೇರುವಾಗ ಒಮ್ಮೆ, ಮುಗಿಸುವಾಗ ಒಮ್ಮೆ ಕೇಳಬೇಕು. ಎರಡನೆಯದಾಗಿ, ಓದಿದವರೇ ಇಲ್ಲಿ ತಡವರಿಸುತ್ತಾರೆ. ಪವಿತ್ರಾತ್ಮನು ತಂದೆಯಿಂದ ಹೊರಡುವುದೆಂದರೆ ಏನು ಎಂದು ಕೆಣಕಿದವರಿಗೆ ದೈವಶಾಸ್ತ್ರಜ್ಞ ನಾಜಿಯಾಂಜಸ್‌ನ ಗ್ರೆಗರಿ 380ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೊಟ್ಟ ಉತ್ತರದ ತಾತ್ಪರ್ಯ ಹೀಗಿದೆ: ತಂದೆಯು ಹುಟ್ಟಿಲ್ಲದವನೆಂದರೆ ಏನೆಂದು ನೀವು ಹೇಳಿ, ನಾನು ಇದನ್ನು ವಿವರಿಸುತ್ತೇನೆ, ಆಮೇಲೆ ಇಬ್ಬರಿಗೂ ಹುಚ್ಚು ಹಿಡಿಯಲಿ. ಹೀಗಾಗಿ ನಿಮ್ಮ ಪ್ರಶ್ನಾವಳಿಯಲ್ಲಿ ‘ಗೊತ್ತಿಲ್ಲ’ ಎಂಬುದಕ್ಕೊಂದು, ‘ಮಾತಿನಲ್ಲಿ ಹೇಳಲಾಗದು’ ಎಂಬುದಕ್ಕೊಂದು ಬೇರೆಬೇರೆ ಚೌಕ ಇಡಿ.