ಕೂಲರ್ ಬಂದ್ ಮಾಡಿ, ಮುತ್ಯಾನ ಹತ್ತಿರ ಕೂತುಕೊಳ್ಳಿ

“ಉಂಡೀ ಏನು ಮುತ್ಯಾ?”

“ಹೂಂ.”

ಕಲಬುರಗಿ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜ ಮೊಮ್ಮಕ್ಕಳ ಮಾತು ಇಷ್ಟಕ್ಕೇ ಮುಗಿಯುತ್ತದೆ. ನಾನೂ ವರ್ಷಗಟ್ಟಲೆ ಹೀಗೇ ಕೇಳಿ ಎದ್ದು ಹೋಗಿದ್ದೇನೆ.

ಒಂದು ದಿನ ಸುಮ್ನೆ ಕೇಳಿದೆ: “ಮುತ್ಯಾ, ನೀ ಹಾಲಿ ಸಿಕ್ಕಾ ನೋಡೀ ಏನು?” ನಿಜಾಮರ ಹೈದರಾಬಾದ್ ಸಂಸ್ಥಾನದ ಸ್ವಂತ ರೂಪಾಯಿ ಅದು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ನಡೆಯುತ್ತಿತ್ತು. ಏಳು ಹಾಲಿ ರೂಪಾಯಿ ಕೊಟ್ಟರೆ ಭಾರತದ ಆರು ರೂಪಾಯಿ. ಮುತ್ಯಾ ಆ ಲೆಕ್ಕವನ್ನು ಬೆರಳಲ್ಲೇ ಮಾಡಿ ತೋರಿಸಿದರು. ಅಲ್ಲಿಂದ ತೊಗರಿ ಚೀಲ ಹೇರಿದ ಬಂಡಿ ಬಂತು, ಅಡತಿಯವನು ನಾಣ್ಯ ಎಣಿಸಿದ್ದು ಬಂತು, ಶಾಲೆಯಲ್ಲಿ ಕಲಿತ ಉರ್ದು ಬಂತು. ಬೆಳಿಗ್ಗೆ ಏನು ಉಂಡರು ಅನ್ನೋದು ಮಾತ್ರ ನೆನಪಿರಲಿಲ್ಲ!

ಇದು ಮುತ್ಯಾ ಒಬ್ಬರ ಕಥೆಯಲ್ಲ. ವಯಸ್ಸಾದವರಿಗೆ ಬದುಕಿನ ನೆನಪು ಹೇಳಿ ಅಂದರೆ, ಸುಮಾರು 10ರಿಂದ 30ರ ವಯಸ್ಸಿನ ಸಂಗತಿಗಳೇ ಜಾಸ್ತಿ ಬರುತ್ತವೆ. ಇದನ್ನು ನೆನಪಿನ ದಿಬ್ಬ ಎನ್ನಬಹುದು. ಮೊದಲ ದುಡಿಮೆ, ಮದುವೆ, ಊರು ಬಿಟ್ಟದ್ದು ಎಲ್ಲ ಆಗೋದು ಆ ವಯಸ್ಸಿನಲ್ಲೇ ಅಲ್ವಾ? ಹೊಸದು ಆಳವಾಗಿ ಅಚ್ಚೊತ್ತುತ್ತದೆ. ಮತ್ತೆ ಮತ್ತೆ ಹೇಳಿ ಇನ್ನೂ ಗಟ್ಟಿಯಾಗುತ್ತದೆ. ಹಳೆಯದನ್ನೇ ಹೇಳೋದು ಅರಳುಮರಳು ಅಂತ ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. ಅದು ಬದುಕನ್ನು ತಿರುಗಿ ನೋಡಿಕೊಳ್ಳುವ ಸಹಜ ಕೆಲಸ ಎಂದು 1963ರಲ್ಲಿ ಬರೆದವರು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್.

ಕೇಳಿದ ಮೇಲೆ ಕಾಯಬೇಕು. ವಯಸ್ಸಾದಂತೆ ಪದಗಳ ಸಂಗ್ರಹ ಕರಗುವುದಿಲ್ಲ, ಹುಡುಕುವ ವೇಗ ಕಡಿಮೆಯಾಗುತ್ತದೆ. ಹೆಸರುಗಳಂತೂ ನಾಲಿಗೆ ತುದಿಯಲ್ಲೇ ನಿಲ್ಲುತ್ತವೆ. ನಾವು ಆ ಹೆಸರನ್ನು ಥಟ್ಟನೆ ಹೇಳಿಬಿಟ್ಟರೆ ಕಥೆಯೂ ಅಲ್ಲೇ ನಿಲ್ಲುತ್ತದೆ.

ಇನ್ನು ಕಿವಿ. ವಯಸ್ಸಿನಿಂದ ಕಿವಿ ಮಂದವಾಗುವಾಗ ಮೊದಲು ಹೋಗೋದು ತೀಕ್ಷ್ಣ ಸದ್ದುಗಳು. ಸ, ಶ, ತ, ಕ ಇಂಥ ಅಕ್ಷರಗಳ ಗುರುತು ಇರೋದು ಅಲ್ಲೇ. ಆ, ಓ ಚೆನ್ನಾಗಿ ಕೇಳುತ್ತವೆ. ಹಾಗಾಗಿ “ಮಾತಾಡೋದು ಕೇಳ್ತದ, ಏನಂತ ತಿಳಿವಲ್ದು” ಅಂತಾರೆ. ಕಿರುಚಿದರೆ ಸ್ವರಗಳೇ ಜೋರಾಗುತ್ತವೆ, ವ್ಯಂಜನ ಇನ್ನಷ್ಟು ಮುಚ್ಚಿಹೋಗುತ್ತದೆ. ಜೊತೆಗೆ ನಮ್ಮ ಬೇಸಿಗೆಯ ಕೂಲರ್ ಭರ್ರೋ ಅನ್ನುತ್ತಿರುತ್ತದೆ. ಎದುರಿಗೆ ಕೂತು, ತುಟಿ ಕಾಣುವಂತೆ, ನಿಧಾನವಾಗಿ ಮಾತಾಡಿದರೆ ಕೂಗುವ ಅಗತ್ಯವೇ ಬರೋದಿಲ್ಲ.

ಈಗ ಬಿಸಿಲು ಇಳಿದ ಮೇಲೆ ನಾವಿಬ್ಬರೂ ಹೊರಗಿನ ಕಟ್ಟಿ ಮೇಲೆ ಕೂರುತ್ತೇವೆ. ಆ ಅಡತಿಯವನ ಹೆಸರು ಮುತ್ಯಾಗೆ ಇನ್ನೂ ಸಿಕ್ಕಿಲ್ಲ. ನಾನು ಕಾಯುತ್ತಿದ್ದೇನೆ.