ಚಟಕ್ಕೆ ಎಷ್ಟು ಪಾಯಿಂಟ್?

ಚಿಕ್ಕಮಗಳೂರಿನಲ್ಲಿ ನಾವು ಐದು ಜನ ಭಾನುವಾರ ಸಂಜೆ ಸೇರಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಆಡುತ್ತೇವೆ. ಕಂಪ್ಯೂಟರ್ ಬೇಡ, ಕಾಗದ, ಪೆನ್ಸಿಲ್, ದಾಳ ಸಾಕು. ಒಬ್ಬರು ಗೇಮ್ ಮಾಸ್ಟರ್ ಆಗಿ ಕಥೆ ನಡೆಸುತ್ತಾರೆ, ಉಳಿದವರದ್ದು ಒಂದೊಂದು ಪಾತ್ರ. ಪಾತ್ರ ಮಾಡಹೊರಟದ್ದು ಆಗುತ್ತಾ ಇಲ್ಲವಾ ಎಂದು ದಾಳ ಹೇಳುತ್ತೆ. ಈಗಿನ ಕಥೆ ನಾವೇ ಕಟ್ಟಿಕೊಂಡದ್ದು. 2007, ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಅಲ್ಲೊಬ್ಬ ರೈಟರು. ಕಥೆ ಬರೆಯುವವರಲ್ಲ ಮಾರಾಯ್ರೆ, ಆಳುಗಳ ಹಾಜರಿ, ಬಟವಾಡೆ ಲೆಕ್ಕ ಬರೆಯುವವರು. ಅವರಿಗೆ ಕುಡಿತದ ಚಟ. ಪಾತ್ರದ ಗುಣ, ಶಕ್ತಿ ಬರೆದಿಡುವ ಹಾಳೆಯಲ್ಲಿ ಅದನ್ನು ಬರೆದದ್ದೂ ಆಯಿತು. ಆದರೆ ಆಟದಲ್ಲಿ ಅದರಿಂದ ಏನಾಗಬೇಕು?

ಇದು ಹಳೇ ತಲೆನೋವು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಇಂಥದೇ ಆಟ ತಂದರು. ಅದು ಯುದ್ಧದ ಆಟಗಳ ಹೊಟ್ಟೆಯಿಂದ ಹುಟ್ಟಿದ್ದು, ಹಾಗಾಗಿ ಕತ್ತಿ ಏಟಿಗೆಲ್ಲ ಪಕ್ಕಾ ಲೆಕ್ಕ ಇತ್ತು, ಮನಸ್ಸಿಗೆ ಇರಲಿಲ್ಲ. 1979ರಲ್ಲಿ ಅದೇ ಆಟಕ್ಕೆ ಗೈಗ್ಯಾಕ್ಸ್ ಬರೆದ ಕೈಪಿಡಿ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ 20 ಬಗೆಯ ಹುಚ್ಚಿನ ಪಟ್ಟಿ ಬಂತು. ಕುಡಿತದ ಹಪಾಹಪಿ ಅದರಲ್ಲಿ ಒಂದು. 20 ಮುಖದ ದಾಳ ಎಸೆದರೆ ಯಾವ ಹುಚ್ಚು ಎಂದು ಗೊತ್ತಾಗುತ್ತಿತ್ತು. ಅಂದರೆ ಕುಡಿತ ಸಿಡಿಲಿನ ಹಾಗೆ ತಲೆ ಮೇಲೆ ಬಂದು ಬೀಳುತ್ತೆ! ಹಾಗೆ ಬಿದ್ದು ಕುಡುಕರಾದವರನ್ನು ನಾನಂತೂ ನೋಡಿಲ್ಲ.

ಆಮೇಲೆ ಬಂದದ್ದು ವ್ಯಾಪಾರ. 1981ರ ಚಾಂಪಿಯನ್ಸ್ ಎಂಬ ಆಟದಲ್ಲಿ ಪಾತ್ರಕ್ಕೆ ದೌರ್ಬಲ್ಯ ಒಪ್ಪಿಕೊಂಡರೆ ಪಾಯಿಂಟ್ ಸಿಗುತ್ತಿತ್ತು, ಆ ಪಾಯಿಂಟ್ ಕೊಟ್ಟು ಶಕ್ತಿ ಕೊಳ್ಳಬಹುದಿತ್ತು. 1986ರಲ್ಲಿ ಸ್ಟೀವ್ ಜಾಕ್ಸನ್ ಅವರ ಗರ್ಪ್ಸ್ ಎಂಬ ಆಟ ಇದೇ ದಾರಿ ಹಿಡಿದು ಚಟಗಳಿಗೆ ರೇಟ್ ಕಾರ್ಡನ್ನೇ ಮಾಡಿಬಿಟ್ಟಿತು. ವಸ್ತು ಎಷ್ಟು ದುಬಾರಿ, ಎಷ್ಟು ಹಿಡಿದುಕೊಳ್ಳುತ್ತೆ, ಕಾನೂನು ಒಪ್ಪುತ್ತಾ, ಎಲ್ಲಕ್ಕೂ ಲೆಕ್ಕ. ತಂಬಾಕಿಗೆ 5, ಕುಡಿತಕ್ಕೆ 15, ಕುಡಿತ ಕಾನೂನುಬಾಹಿರವಾದ ಜಾಗದಲ್ಲಿ 20. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಅಂದರೆ ನಮ್ಮ ರೈಟರು ಜೂನ್ 30ರ ರಾತ್ರಿ ಸಾರಾಯಿ ಪ್ಯಾಕೆಟ್ ಹಿಡಿದು ಮಲಗಿದಾಗ 15, ಬೆಳಗ್ಗೆ ಎದ್ದಾಗ 20. ಬಾರಿನ ನೈಂಟಿಗೆ ಮಾತ್ರ ಅದೇ ಹಳೇ 15.

ನಾವೂ ಮೊದಲು ಇದನ್ನೇ ಹಾಕಿಕೊಂಡೆವು. ರೈಟರ ಪಾತ್ರ ಮಾಡುವ ಗೆಳೆಯ 15 ಪಾಯಿಂಟ್ ತಗೊಂಡ, ಅದರಲ್ಲಿ ಕೋವಿ ಹೊಡೆಯುವ ಚಾಕಚಕ್ಯತೆ ಕೊಂಡ, ಮೂರು ಭಾನುವಾರ ಒಂದು ತೊಟ್ಟೂ ಕುಡಿಯಲಿಲ್ಲ. ಕೇಳಿದರೆ, "ತೋಟಕ್ಕೆ ಆನೆ ನುಗ್ಗಿರುವಾಗ ಯಾರು ಕುಡೀತಾರೆ?" ಅಂದ. ನಿಯಮದ ಪ್ರಕಾರ ಅವನ ಕೈಗೆ ಬಾಟಲಿ ತುರುಕಬಹುದಿತ್ತು. ಆದರೆ ಅದು ಶಿಕ್ಷೆಯಾಗುತ್ತಿತ್ತು ಅಷ್ಟೆ, ಅವನಿಗೆ ಕುಡಿಯಬೇಕು ಅಂತ ಅನ್ನಿಸುತ್ತಲೇ ಇರಲಿಲ್ಲ.

2010ರ ಹೊತ್ತಿಗೆ ಪಾತ್‌ಫೈಂಡರ್ ಎಂಬ ಆಟ ಚಟವನ್ನು ಕಾಯಿಲೆಯ ಸಾಲಿಗೆ ಸೇರಿಸಿತು. ಮೈ ತಡೆದುಕೊಳ್ಳುತ್ತಾ ಎಂದು ದಾಳ ಎಸೆಯಬೇಕು, ಸತತವಾಗಿ ಗೆದ್ದರೆ ವಾಸಿ. ಹುಚ್ಚಿನ ಪಟ್ಟಿಗಿಂತ ಮೇಲು ಬಿಡಿ, ಆದರೂ ನೆಗಡಿ ಬಿಟ್ಟ ಹಾಗೆ ಬಿಟ್ಟುಹೋಗುವ ಚಟ.

ನಿಜವಾದ ತಿರುವು ಜಾನ್ ಹಾರ್ಪರ್ ಅವರ 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಆಟ. ಅಲ್ಲಿ ಎಲ್ಲರಿಗೂ ಒಂದು ಖಯಾಲಿ ಇರಲೇಬೇಕು. ಪಟ್ಟಿಯಲ್ಲಿ ಜೂಜು, ನಶೆ ಜೊತೆಗೆ ದೇವರ ಭಕ್ತಿ, ಮನೆಯವರ ಜವಾಬ್ದಾರಿಯೂ ಇವೆ! ಕಷ್ಟದ ಕೆಲಸ ಮಾಡಿದಷ್ಟೂ ಹಾಳೆಯಲ್ಲಿ ಒತ್ತಡದ 9 ಮನೆ (ಚೌಕ) ತುಂಬುತ್ತಾ ಹೋಗುತ್ತವೆ. ಇಳಿಸಿಕೊಳ್ಳಲು ಖಯಾಲಿಯೇ ದಾರಿ. ದಾಳದಲ್ಲಿ ಬಂದಷ್ಟು ಮನೆ ಖಾಲಿ, ಆದರೆ ಇದ್ದದ್ದಕ್ಕಿಂತ ಜಾಸ್ತಿ ಬಿದ್ದರೆ ಅತಿಯಾಯಿತು ಅಂತ ಲೆಕ್ಕ, ಗುಟ್ಟು ಬಾಯಿ ಬಿಡಬಹುದು, ಕೆಲವು ವಾರ ನಾಪತ್ತೆಯೇ ಆಗಬಹುದು. ಇಲ್ಲಿ ಯಾರೂ ಬಲವಂತ ಮಾಡುವುದಿಲ್ಲ. ಆಡುವವರೇ ಕೈ ಚಾಚುತ್ತಾರೆ, ಯಾಕೆಂದರೆ ಅದು ಏನೋ ಕೊಡುತ್ತೆ.

ನಮಗೆ ಬೇಕಾಗಿದ್ದ ಅರ್ಧ ಇದು. ಇನ್ನರ್ಧ ಕಾಫಿಯಿಂದ ಸಿಕ್ಕಿತು. ಸುಮ್ನೆ ಪರೀಕ್ಷೆಗೆ ಅಂತ ನಾನು ಒಂದು ಶನಿವಾರ ಬೆಳಗ್ಗಿನ ಲೋಟದ ನಂತರ ಕಾಫಿ ಬಿಟ್ಟೆ (ಚಿಕ್ಕಮಗಳೂರಿನಲ್ಲಿ ಇದ್ದುಕೊಂಡು!). ಕೆಫೀನ್ ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುವುದುಂಟು. ಭಾನುವಾರ ಮಧ್ಯಾಹ್ನಕ್ಕೆ ಹಣೆ ಒಡೆದುಹೋಗುತ್ತಿತ್ತು, ದಾಳದ ಸದ್ದೂ ಸಹಿಸಲಾಗಲಿಲ್ಲ. ಸಂಜೆ ಅರ್ಧ ಲೋಟ ಕುಡಿದೆ. ಖುಷಿಯೇನೂ ಆಗಲಿಲ್ಲ. ಎಲ್ಲರ ಹಾಗಾದೆ ಅಷ್ಟೆ.

ಅದನ್ನೇ ನಿಯಮ ಮಾಡಿದೆವು. ಚಟಕ್ಕೆ 6 ಮನೆ, ಕುಡಿದಂತೆಲ್ಲ ತುಂಬುತ್ತವೆ. ಮೊದಲ 2 ತುಂಬುವವರೆಗೆ ಕುಡಿದರೆ ದಾಳಕ್ಕೆ 2 ಸೇರುತ್ತೆ. ಆಮೇಲೆ ಕುಡಿಯದಿದ್ದರೆ 2 ಕಡಿಮೆ, ಕುಡಿದರೆ ಬರೀ ಸೊನ್ನೆ. ಮುಂದಿನ ಬಟವಾಡೆ ದಿನ ರೈಟರ ಕೈ ನಡುಗುತ್ತಿತ್ತು, ಹಾಜರಿ ಪುಸ್ತಕ ಎದುರಿಗಿತ್ತು, ಹೊರಗೆ ಆಳುಗಳು ಸಾಲಿನಲ್ಲಿ ನಿಂತಿದ್ದರು. ಗೆಳೆಯ ಹಾಳೆ ನೋಡಿದ, ದಾಳ ನೋಡಿದ. "ಒಂದು ಹಾಕ್ತೀನಿ, ಲೆಕ್ಕ ಸರಿ ಬರಬೇಕಲ್ವಾ" ಅಂದ. ಯಾರೂ ನಗಲಿಲ್ಲ.

ಚಟ ಬಿಡುವ ನಿಯಮ ಇನ್ನೂ ಮುಗಿದಿಲ್ಲ. ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಹಾಗಾಗಿ ಬಿಟ್ಟ ಕೂಡಲೇ ಬಹುಮಾನ ಕೊಡುವ ಹಾಗಿಲ್ಲ. ತುಂಬಿದ ಮನೆಗಳನ್ನು ಅಳಿಸಬೇಕೋ ಬೇಡವೋ ಎಂದು ಎರಡು ವಾರ ಜಗಳ ಆಯಿತು. ನಮ್ಮಲ್ಲೊಬ್ಬಳ ಮನೆಯಲ್ಲಿ ಕುಡಿತ ಇತ್ತು. ಆಟ ಶುರು ಮಾಡುವಾಗಲೇ, ಮನೆಯೊಳಗೆ ಹೊಡೆತದ ದೃಶ್ಯ ಬೇಡ ಎಂದು ಹೇಳಿದ್ದಳು, ನಾವು ಅದನ್ನು ಮುಟ್ಟಿಲ್ಲ. ಅಳಿಸುವ ಮಾತು ಬಂದಾಗ ಅವಳು ರಬ್ಬರ್ ಎತ್ತಿಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು. ಸದ್ಯಕ್ಕೆ, ಕುಡಿಯದ ಪ್ರತಿ ವಾರಕ್ಕೂ ಹಾಳೆಯ ಆ ತುಂಬಿದ ಮನೆಗಳ ಪಕ್ಕದಲ್ಲಿ ಒಂದು ಗೀಟು ಹಾಕುತ್ತಿದ್ದೇವೆ. ರೈಟರದ್ದು 3 ಆಗಿದೆ.