ರಸ್ತೆ ಮುಚ್ಚಲು ಅನುಮತಿ ಸಿಕ್ಕಿತು, ಕಾರು ಮಾತ್ರ ಅಲ್ಲೇ ನಿಂತಿದೆ

ಬೆಳಗ್ಗೆ ಐದು ಗಂಟೆ. ರಸ್ತೆಯ ಎರಡೂ ತುದಿಗೆ ಬ್ಯಾರಿಕೇಡ್ ಬಂದಿದೆ. ಸ್ಟೇಜಿನ ಲಾರಿ ಬಂದಿದೆ. ಅನುಮತಿ ಪತ್ರ ಫೈಲಿನಲ್ಲಿದೆ. ಸ್ಟೇಜ್ ಕಟ್ಟಬೇಕಾದ ಜಾಗದಲ್ಲಿ ಮಾತ್ರ ಒಂದು ಬೂದು ಬಣ್ಣದ ಕಾರು ನಿಂತಿದೆ. ಗಾಜಿನ ತುಂಬಾ ಇಬ್ಬನಿ. ರಾತ್ರಿಯಿಡೀ ಅಲ್ಲೇ ಇತ್ತು ಅಂತ ಅರ್ಥ.

ಮಾಲೀಕರು ಊರಲ್ಲಿಲ್ಲ. ನಾವು ನೋ ಪಾರ್ಕಿಂಗ್ ಬೋರ್ಡ್ ಕಟ್ಟಿದ್ದು ಹಿಂದಿನ ಸಂಜೆ. ಅವರು ಕಾರು ಬಿಟ್ಟು ಹೋಗಿದ್ದು ಅದಕ್ಕೂ ಎರಡು ದಿನ ಮೊದಲು. ಟೋ ಮಾಡಿಸಿ ಅಂದರೆ ಪೊಲೀಸರು ಒಪ್ಪಲಿಲ್ಲ. "ಇವರು ಗಾಡಿ ನಿಲ್ಲಿಸಿದಾಗ ಇಲ್ಲಿ ಬೋರ್ಡ್ ಇರಲಿಲ್ಲ ಅಲ್ವಾ ಸರ್?" ಅಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ಸ್ಟೇಜನ್ನು ಹಿಂದಕ್ಕೆ ಸರಿಸಿದೆವು. ಅದರ ಜೊತೆ ಜನರೇಟರ್, ಕೇಬಲ್, ಬೇಲಿ ಎಲ್ಲವನ್ನೂ ಸರಿಸಬೇಕಾಯಿತು.

ಕಾರ್ಯಕ್ರಮಗಳಿಗೆ ಅನುಮತಿ ಮಾಡಿಸುವ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನಾನು ಹೊಸಬರಿಗೆ ಮೊದಲು ಹೇಳುವುದು ಇದನ್ನೇ. ರಸ್ತೆ ಮುಚ್ಚುವುದು ಬೇರೆ, ರಸ್ತೆ ಖಾಲಿ ಮಾಡಿಸುವುದು ಬೇರೆ. ಬ್ಯಾರಿಕೇಡ್ ಹೊಸ ಗಾಡಿ ಒಳಗೆ ಬರುವುದನ್ನು ತಡೆಯುತ್ತದೆ ಅಷ್ಟೇ. ಒಳಗೆ ಆಗಲೇ ನಿಂತಿರುವ ಗಾಡಿಗೆ ಬೇರೆ ಏರ್ಪಾಡು ಬೇಕು, ಅದಕ್ಕೆ ಅರ್ಜಿಯೂ ಎಷ್ಟೋ ನಗರಗಳಲ್ಲಿ ಬೇರೆ.

ಹಾಗಾಗಿ ಅರ್ಜಿಯಲ್ಲಿ ಸಮಯ ಬರೆಯುವಾಗ ಮೂರು ಸಮಯ ಬರೆಯಿರಿ. ಕಾರ್ಯಕ್ರಮ ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಅಂದುಕೊಳ್ಳಿ. ಸ್ಟೇಜ್ ಕಟ್ಟಲು, ಬಿಚ್ಚಲು, ಗುಡಿಸಲು ಸಮಯ ಸೇರಿಸಿದರೆ ರಸ್ತೆ ಬೆಳಗ್ಗೆ 4ರಿಂದ ರಾತ್ರಿ 10ರವರೆಗೆ ಮುಚ್ಚಿರಬೇಕು. 4 ಗಂಟೆಗೆ ರಸ್ತೆ ಖಾಲಿ ಇರಬೇಕಾದರೆ ಪಾರ್ಕಿಂಗ್ ನಿಷೇಧ ಹಿಂದಿನ ರಾತ್ರಿಯೇ ಶುರುವಾಗಬೇಕು. ಜಾಸ್ತಿ ಜನ ಬರೆಯುವುದು 10ರಿಂದ 6 ಅಂತ ಮಾತ್ರ. ಆಮೇಲೆ ಲಾರಿ ಬಂದಾಗ ಪರದಾಡುತ್ತಾರೆ.

ಬೋರ್ಡ್ ಎಷ್ಟು ಗಂಟೆ ಮೊದಲು ಕಟ್ಟಬೇಕು ಅನ್ನುವುದು ನಗರದಿಂದ ನಗರಕ್ಕೆ ಬೇರೆ. ಕೆಲವೆಡೆ 24 ಗಂಟೆ, ಕೆಲವೆಡೆ 48, ಕೆಲವೆಡೆ 72. ನಿಯಮ ಎಷ್ಟೇ ಹೇಳಲಿ, ನಾನು ಮೂರು ಪೂರ್ತಿ ದಿನಕ್ಕಿಂತ ಕಡಿಮೆ ಇಡುವುದಿಲ್ಲ. ಬೋರ್ಡಿನಲ್ಲಿ "ನಾಳೆ" ಅಂತ ಬರೆಯಬೇಡಿ. ವಾರ, ತಾರೀಕು, ಎಷ್ಟರಿಂದ ಎಷ್ಟರವರೆಗೆ, ಯಾವ ಕಡೆಗೆ ಅನ್ನುವ ಬಾಣದ ಗುರುತು, ಇಷ್ಟೂ ಇರಲಿ. ಕಟ್ಟಿದ ಕೂಡಲೇ ಪ್ರತಿ ಬೋರ್ಡಿನ ಫೋಟೋ ತೆಗೆಯಿರಿ, ಸಮಯ ಕಾಣುವ ಹಾಗೆ. ಆಗ ಅಲ್ಲಿ ನಿಂತಿರುವ ಗಾಡಿಗಳ ನಂಬರ್ ಬರೆದಿಟ್ಟುಕೊಳ್ಳಿ. ಟೋ ಮಾಡಿಸಿದ ಮೇಲೆ ಯಾರಾದರೂ ಜಗಳಕ್ಕೆ ಬಂದರೆ ಉತ್ತರ ಕೊಡುವುದು ಆ ಫೋಟೋ ಮತ್ತು ಆ ಪಟ್ಟಿ. ದಿನಕ್ಕೊಮ್ಮೆ ಹೋಗಿ ನೋಡಿ ಬನ್ನಿ. ಗಾಳಿಗೆ ತಿರುಗಿದ ಬೋರ್ಡ್, ಮಳೆಗೆ ಅಕ್ಷರ ಅಳಿಸಿದ ಬೋರ್ಡ್ ಇದ್ದೂ ಇಲ್ಲದ ಹಾಗೆ.

ಇನ್ನು ನಕ್ಷೆ. ಅಗ್ನಿಶಾಮಕದವರು ಅರ್ಜಿ ತಿರುಗಿಸಿ ಕಳಿಸುವುದು ಸಾಮಾನ್ಯವಾಗಿ ಇಲ್ಲೇ. ಹಲವು ಕಡೆ ಬಳಕೆಯಲ್ಲಿರುವ ಇಂಟರ್‌ನ್ಯಾಷನಲ್ ಫೈರ್ ಕೋಡ್ ಪ್ರಕಾರ ಅಗ್ನಿಶಾಮಕ ವಾಹನ ಹೋಗುವ ದಾರಿ 20 ಅಡಿ ಅಗಲ ಇರಬೇಕು, ಮೇಲೆ 13 ಅಡಿ 6 ಇಂಚು ಎತ್ತರದವರೆಗೆ ಏನೂ ಅಡ್ಡ ಬರಬಾರದು. ಬ್ರಿಟನ್ನಿನ ಮಾರ್ಗಸೂಚಿ 3.7 ಮೀಟರ್ ಅಗಲ ಕೇಳುತ್ತದೆ. ನಿಮ್ಮ ನಗರದ ಲೆಕ್ಕ ಯಾವುದು ಅಂತ ಮೊದಲೇ ಕೇಳಿ, ಆಮೇಲೆ ಪೆನ್ಸಿಲ್ ಹಿಡಿಯಿರಿ. ರಸ್ತೆ 36 ಅಡಿ ಇದೆ, ಎರಡೂ ಕಡೆ 10 ಅಡಿಯ ಮಳಿಗೆ ಹಾಕುತ್ತೀರಿ ಅಂತಿಟ್ಟುಕೊಳ್ಳಿ. ಮಧ್ಯೆ ಉಳಿಯುವುದು 16 ಅಡಿ. 20 ಅಡಿ ಕೇಳುವ ಊರಲ್ಲಿ ಆ ನಕ್ಷೆ ಅಲ್ಲಿಗೇ ಮುಗಿಯಿತು. ಒಂದೇ ಕಡೆ ಮಳಿಗೆ ಹಾಕಿದರೆ 26 ಅಡಿ ಸಿಗುತ್ತದೆ. ಮಳಿಗೆಯವರು ಮೇಜನ್ನು ಒಂದೆರಡು ಅಡಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ, ಎಲ್ಲ ಕಡೆಯೂ ಎಳೆಯುತ್ತಾರೆ, ಅದಕ್ಕೂ ಜಾಗ ಉಳಿಯುತ್ತದೆ. ಎತ್ತರದ ವಿಷಯಕ್ಕೆ ಬಂದರೆ, ರಸ್ತೆಗೆ ಅಡ್ಡವಾಗಿ ಕಟ್ಟುವ ಬ್ಯಾನರ್ ಮತ್ತು ದೀಪದ ಸರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು.

ಬ್ಯಾರಿಕೇಡ್ ಬಗ್ಗೆಯೂ ಒಂದು ಮಾತು. 2016ರ ಜುಲೈ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಜನಸಂದಣಿಯ ಮೇಲೆ ಲಾರಿ ನುಗ್ಗಿಸಿ 86 ಜನರನ್ನು ಕೊಂದರು. ಅಂಥ ದಾಳಿಗಳಾದ ಮೇಲೆ ಬಹಳಷ್ಟು ನಗರಗಳು ಗಾಡಿಯನ್ನು ನಿಜವಾಗಿ ತಡೆಯುವಂಥದ್ದನ್ನು ಕೇಳುತ್ತವೆ. ಪ್ಲಾಸ್ಟಿಕ್ ಬ್ಯಾರಿಕೇಡ್ ದಾರಿ ತೋರಿಸುತ್ತದೆ, ಗಾಡಿ ತಡೆಯುವುದಿಲ್ಲ. ಹಾಗಂತ ಎರಡೂ ತುದಿಗೆ ಕಾಂಕ್ರೀಟ್ ದಿಮ್ಮಿ ಇಟ್ಟುಬಿಟ್ಟರೆ ಆಂಬುಲೆನ್ಸ್ ಒಳಗೆ ಬರುವುದು ಹೇಗೆ? ಒಂದು ತುದಿಯಲ್ಲಾದರೂ ಭಾರದ ಲಾರಿಯನ್ನು ಅಡ್ಡ ನಿಲ್ಲಿಸಿ, ಡ್ರೈವರ್ ಕಾರ್ಯಕ್ರಮ ಮುಗಿಯುವವರೆಗೂ ಸೀಟು ಬಿಟ್ಟು ಏಳದ ಹಾಗೆ ನೋಡಿಕೊಳ್ಳುವುದು ನನಗೆ ಒಗ್ಗಿದ ವಿಧಾನ. ಊಟದ ಹೊತ್ತಿಗೆ ಬದಲಿ ಡ್ರೈವರ್ ಇರಬೇಕು. ಅವರಿಬ್ಬರ ಫೋನ್ ನಂಬರ್ ಅರ್ಜಿಯ ಜೊತೆಗೇ ಹೋಗಲಿ.

ಯಾರ ಒಪ್ಪಿಗೆ ಬೇಕು ಅನ್ನುವುದಕ್ಕೆ ರಸ್ತೆ ಯಾರದ್ದು ಅಂತ ಮೊದಲು ತಿಳಿದುಕೊಳ್ಳಿ. ನಗರದೊಳಗೇ ಇದ್ದರೂ ದೊಡ್ಡ ರಸ್ತೆ ಹೆದ್ದಾರಿ ಇಲಾಖೆಯದ್ದಾಗಿರಬಹುದು. ಬಸ್ ಓಡುವ ರಸ್ತೆಯಾದರೆ ಬಸ್ಸಿನವರಿಗೆ ಎಲ್ಲರಿಗಿಂತ ಮೊದಲು ಹೇಳಿ. ಮಾರ್ಗ ಬದಲಿಸಬೇಕು, ಚಾಲಕರಿಗೆ ತಿಳಿಸಬೇಕು, ನಿಲ್ದಾಣದಲ್ಲಿ ಸೂಚನೆ ಹಾಕಬೇಕು, ಅವರಿಗೆ ಸಮಯ ಬೇಕೇ ಬೇಕು.

ಕೊನೆಗೆ ಬಾಗಿಲು ತಟ್ಟುವ ಕೆಲಸ. ಕರಪತ್ರ ಪೆಟ್ಟಿಗೆಗೆ ಹಾಕಿ ಬಂದರೆ ನಿಯಮದ ಪ್ರಕಾರ ಸಾಕು. ನನಗೆ ಸಾಲದು. ಒಂದು ಸಲ ಹೀಗೆ ಹೋದಾಗ ಒಬ್ಬ ಹೆಣ್ಣುಮಗಳು ಬಾಗಿಲಲ್ಲೇ ನಿಂತು ಕರಪತ್ರ ಎರಡು ಸಲ ಓದಿದರು. "ಸರ್, ಶನಿವಾರ ಬೆಳಗ್ಗೆ ಅಪ್ಪನಿಗೆ ಡಯಾಲಿಸಿಸ್ ಇದೆ. ವಾರಕ್ಕೆ ಮೂರು ಸಲ ಹೋಗಲೇಬೇಕು. ಕಾರು ಹೊರಗೆ ತೆಗೆಯೋದು ಹೇಗೆ?" ಅಂದರು. ನಾವು ಬರೆದ ನಕ್ಷೆಯಲ್ಲಿ ಅವರ ಗೇಟಿನ ಮುಂದೆಯೇ ಟಿಕೆಟ್ ಟೆಂಟ್ ಇತ್ತು. "ಟೆಂಟ್ ತೆಗೆಸ್ತೀನಮ್ಮ, ನೀವು ಹೊರಡುವ ಹೊತ್ತಿಗೆ ನಮ್ಮ ಹುಡುಗ ಗೇಟಿಗೇ ಬರ್ತಾನೆ" ಅಂದೆ. ಶನಿವಾರ ಆ ಹುಡುಗ ಕಾರಿನ ಮುಂದೆ ನಡೆದುಕೊಂಡು ಹೋಗಿ ಬ್ಯಾರಿಕೇಡ್ ಸರಿಸಿಕೊಟ್ಟ, ಮಧ್ಯಾಹ್ನ ವಾಪಸ್ ಬಂದಾಗಲೂ ಹಾಗೇ ಒಳಗೆ ಬಿಟ್ಟುಕೊಂಡ.

ಅಲ್ಲಿಂದ ಮೇಲೆ ನಮ್ಮ ನಕ್ಷೆಯಲ್ಲಿ ಪ್ರತಿ ಗೇಟಿಗೂ ಕೆಂಪು ಗುರುತು ಹಾಕುತ್ತೇವೆ. ಅಂಗವಿಕಲರ ಪಾರ್ಕಿಂಗ್ ಜಾಗ ಮುಚ್ಚುವುದಾದರೆ ಬದಲಿ ಜಾಗ ಎಲ್ಲಿ ಅಂತ ಅದೇ ನಕ್ಷೆಯಲ್ಲಿ ತೋರಿಸುತ್ತೇವೆ. ಅಧಿಕಾರಿಗಳು ಕೇಳುವ ಮೊದಲೇ.

ಎಲ್ಲ ಮುಗಿದ ಮೇಲೆ ಬೋರ್ಡ್ ಬಿಚ್ಚಲು ಮರೆಯಬೇಡಿ. ಎಲ್ಲರೂ ಸುಸ್ತಾಗಿರುತ್ತಾರೆ, ಬೆಳಗ್ಗೆ ಬಿಚ್ಚೋಣ ಅನ್ನುತ್ತಾರೆ. ಆದರೆ ರಾತ್ರಿ 10ಕ್ಕೆ ಬ್ಯಾರಿಕೇಡ್ ತೆಗೆದ ಕೂಡಲೇ ಮೂಲೆಯಲ್ಲಿ ಒಂದು ಕಾರು ನಿಧಾನ ಮಾಡುತ್ತದೆ. ಆ ಬೀದಿಯವರೇ. ಬೋರ್ಡ್ ನೋಡಿ, ನಿಲ್ಲಿಸಬಹುದೋ ಇಲ್ಲವೋ ಗೊತ್ತಾಗದೆ ಗಾಜು ಇಳಿಸುತ್ತಾರೆ. ಅಷ್ಟರಲ್ಲಿ ಅವರ ಮನೆ ಮುಂದಿನ ಬೋರ್ಡ್ ನಿಮ್ಮ ಕೈಯಲ್ಲಿರಬೇಕು.